ಟೀಸಾ ಬಂಡೆಯ ಮೊದಲ ಸಹಿ

ನನ್ನ ಮಂಡಿಯ ಆಪರೇಷನ್ ಆದ ಮೇಲೆ ನನ್ನ ಶನಿವಾರಗಳನ್ನು ಇಲೋನಾ ಕಿತ್ತುಕೊಂಡಳು. ಅದಕ್ಕೂ ಮೊದಲು ನಾನು, ನನ್ನ ಗಂಡ ಹಿನೆಕ್ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದೆವು. ಕಾಡಿನಲ್ಲೋ ಬಂಡೆಯ ಸಂದಿಯಲ್ಲೋ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಮೊಬೈಲಿನ ನಕ್ಷೆ ಹಿಡಿದು ಹುಡುಕುವುದು, ಒಳಗಿನ ಚೀಟಿಗೆ ಸಹಿ ಹಾಕಿ ಮತ್ತೆ ಅಲ್ಲೇ ಇಡುವುದು, ಇಷ್ಟೇ ಆಟ. ಹೊಸ ಡಬ್ಬಿಗೆ ಮೊದಲ ಸಹಿ ಹಾಕಿದವರಿಗೆ ವಾರವೆಲ್ಲ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಈಗ ನನ್ನ ಬದಲು ಹಿನೆಕ್ ಜೊತೆ ಡಬ್ಬಿ ಹುಡುಕಲು ಹೋಗುತ್ತಿದ್ದ ಇಲೋನಾಳನ್ನು ನಾನು ನೋಡಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಅವಳ ಹೆಸರು ಮಾತ್ರ ಕೇಳಬೇಕಿತ್ತು.

"ಮೇಕೆ ಥರ ಹತ್ತುತ್ತಾಳೆ ಕಣೇ," ಅನ್ನುತ್ತಿದ್ದ ಹಿನೆಕ್.

"ಹಂಗಾದ್ರೆ ಹುಲ್ಲು ಹಾಕು," ಅಂದು ಸೂಪಿನ ತಟ್ಟೆ ಕುಕ್ಕುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಗಡಿಯ ಹತ್ತಿರದ ಟೀಸಾ ಬಂಡೆಗಳ ಮೇಲೆ ಹೊಸ ಡಬ್ಬಿ ಇಟ್ಟಿದ್ದಾರೆಂದು ಒಂದು ಶನಿವಾರ ಬೆಳಿಗ್ಗೆ ನನ್ನ ಮೊಬೈಲಿಗೂ ಸುದ್ದಿ ಬಂತು. ಹಿನೆಕ್ ಮೊದಲು ಇಲೋನಾಳನ್ನು ಅವಳ ಮನೆಯಿಂದ ಕರೆದುಕೊಳ್ಳಲು ಕಾರು ತೆಗೆದ. ನಾನು ಅವನಿಗೆ ಹೇಳದೆ ಅಣಬೆ ಬುಟ್ಟಿ ಹಿಡಿದು ನೇರ ಟೀಸಾದ ಬಸ್ಸು ಹತ್ತಿದೆ. ಬಂಡೆಗಳ ನಡುವಿನ ಮೆಟ್ಟಿಲಲ್ಲಿ ಮಂಡಿ ಬೇಡ ಬೇಡ ಅಂದಿತು, ಕೇಳಲಿಲ್ಲ. ಮೇಲಿಂದ ಬೆಟ್ಟಗಳು ಜರ್ಮನಿಯವರೆಗೂ ನೀಲಿಯಾಗಿ ಕಾಣುತ್ತಿದ್ದವು. ಅದನ್ನು ನೋಡುವ ವ್ಯವಧಾನ ಯಾರಿಗಿತ್ತು? ಬರ್ಚ್ ಮರದ ಬೇರಿನಡಿ ಡಬ್ಬಿ ಸಿಕ್ಕಿತು. ಚೀಟಿ ಖಾಲಿ. ಸಹಿ ಹಾಕಿದೆ.

ಅಷ್ಟರಲ್ಲಿ ನಗು ಕೇಳಿಸಿತು. ಡಬ್ಬಿಯನ್ನು ಬುಟ್ಟಿಗೆ ಹಾಕಿಕೊಂಡು ಕೂತೆ. ಮುಂದೆ ಇಲೋನಾ, ಹಿಂದೆ ಏದುಸಿರು ಬಿಡುತ್ತಾ ಹಿನೆಕ್. ಹೊರಗಿನವರಿಗೆ ಡಬ್ಬಿಯ ಗುಟ್ಟು ಬಿಟ್ಟುಕೊಡಬಾರದೆಂದು ನಮ್ಮ ಆಟದವರೆಲ್ಲ ಅಣಬೆ ಆರಿಸುವ ನಾಟಕ ಹೂಡುತ್ತಾರೆ. ನನ್ನನ್ನು ಹೊರಗಿನವಳೆಂದುಕೊಂಡು ಅವಳೂ ಶುರುಮಾಡಿದಳು.

"ಅಣಬೆ ಸಿಕ್ತಾ ಅಜ್ಜೀ? ನಾನು, ನಮ್ಮ ಯಜಮಾನ್ರು ಅದಕ್ಕೇ ಬಂದ್ವಿ," ಎಂದು ಹಿನೆಕ್‌ನ ತೋಳು ಹಿಡಿದಳು.

ನಾಟಕವೆಂದು ನನಗೆ ಗೊತ್ತು. ಆದರೂ ಮೈಗೆಲ್ಲ ಬೆಂಕಿ ಬಿತ್ತು. ಅದರ ಮೇಲೆ ಅಜ್ಜಿ ಬೇರೆ!

"ಯಜಮಾನ್ರು ಚೆನ್ನಾಗಿದ್ದಾರೆ," ಅಂದೆ. "ಅವರ ಅಂಗಿ ಇಸ್ತ್ರಿ ಮಾಡಿದ್ದು ನೀವಾ, ನಾನಾ?"

ಇಲೋನಾ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ತೆಗೆದಳು. ಹಿನೆಕ್ ನನ್ನನ್ನೂ ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ಬುಟ್ಟಿಯೊಳಗಿನ ಡಬ್ಬಿಯನ್ನೇ ನೋಡಿದ.

"ಲಿಬ್ಯೇನಾ, ಸಹಿ ಹಾಕ್ಬಿಟ್ಯಾ?" ಎಂದು ನನ್ನನ್ನು ಕೇಳಿದ.

"ಹಾಕ್ದೆ."

"ಒಬ್ಬಳೇ?"

"ಒಬ್ಬಳೇ."

ಅವನ ಮುಖ ಹುಳ್ಳಗಾಯಿತು.

"ನನ್ನನ್ನೂ ಕರೀಬಾರ್ದಿತ್ತೇನೇ?" ಅಂದ.

ಪ್ರತಿ ಶನಿವಾರ ಬಾಗಿಲಲ್ಲಿ ನಿಂತು ನಾನು ನುಂಗಿಕೊಳ್ಳುತ್ತಿದ್ದ ಮಾತು ಅದು.