ನಲವತ್ಮೂರು ಇಂಚಿನ ಸೀಟು

ಕಾರಿನ ಷೋರೂಮಿಗೆ ತಂಗಿ ಕೊರಳಲ್ಲಿ ಟೇಪು ಹಾಕಿಕೊಂಡೇ ಹೋಗಿದ್ದಳು. ಬೇಕೆಂದು ಅಲ್ಲ. ಟೈಲರ್ ಅಂಗಡಿಯಲ್ಲಿ ಪ್ಯಾಂಟು ಹೊಲಿಯುತ್ತ ಕೂತವಳನ್ನು ಅತ್ತಿಗೆ "ಏಳೇ, ಹೊತ್ತಾಯ್ತು" ಎಂದು ಎಬ್ಬಿಸಿಕೊಂಡು ಬಂದಿದ್ದಳು. ಟೇಪು ತೆಗೆದಿಡುವುದು ಮರೆತೇ ಹೋಗಿತ್ತು. ಅದನ್ನು ಕಂಡು ಸೇಲ್ಸಿನವನು ಹಲ್ಲು ಕಿರಿದ.

"ಏನಕ್ಕಾ, ಕಾರಿಗೆ ಅಂಗಿ ಹೊಲೀತೀರಾ?"

ಅಣ್ಣ ನಕ್ಕ. ಅತ್ತಿಗೆಯೂ ನಕ್ಕಳು. ತಂಗಿಯ ಕಿವಿ ಕೆಂಪಾಯಿತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನಾಲ್ಕು ಜನರೆದುರು ಬಾಯಿ ತೆರೆಯಬೇಕೆಂದರೆ ದನಿಯೇ ಹೊರಡುತ್ತಿರಲಿಲ್ಲ. ಹಾಗೆಂದು ಕಣ್ಣು ಮಾತ್ರ ಸುಮ್ಮನೆ ಕೂರುತ್ತಿರಲಿಲ್ಲ.

ಅವರು ಷೋಕಿಗೆ ಕಾರು ಕೊಳ್ಳಲು ಬಂದವರಲ್ಲ. ಇಪ್ಪತ್ತು ವರ್ಷ ಟ್ಯಾಕ್ಸಿ ಓಡಿಸಿದ ಅಣ್ಣನಿಗೆ ಎರಡು ವರ್ಷದ ಹಿಂದೆ ಅಪಘಾತವಾಗಿ ಎಡ ಮೊಣಕಾಲಿಗೆ ಸರಳು ಹಾಕಿದ್ದರು. ಅಂದಿನಿಂದ ಆ ಕಾಲು ಮಡಚುವುದಿಲ್ಲ, ಒನಕೆಯ ಹಾಗೆ ನೆಟ್ಟಗೆ ಚಾಚಿಕೊಂಡೇ ಇರುತ್ತದೆ. ಕ್ಲಚ್ಚು ತುಳಿಯುವ ಮಾತೇ ಇಲ್ಲ. ಕರೆಂಟಿನ ಕಾರಿಗೆ ಕ್ಲಚ್ಚೇ ಇಲ್ಲವಲ್ಲ, ಬಲಗಾಲೊಂದಿದ್ದರೆ ಸಾಕಲ್ಲ ಎಂದು ಡಾಕ್ಟರು ಬರೆದುಕೊಟ್ಟರು, ಲೈಸೆನ್ಸಿನವರೂ ತಲೆಯಾಡಿಸಿದರು. ಎರಡು ವರ್ಷ ಗೋಡೆ ನೋಡುತ್ತ ಕೂತಿದ್ದ ಅಣ್ಣ ಆವತ್ತು ತಾನಾಗಿಯೇ ಗಡ್ಡ ಬೋಳಿಸಿಕೊಂಡಿದ್ದ.

ಷೋರೂಮಿನಲ್ಲಿ ಸೇಲ್ಸಿನವನ ಬಾಯಿಗೆ ಬ್ರೇಕೇ ಇರಲಿಲ್ಲ. ಬೇಸ್ ಮಾಡೆಲ್‌ನಲ್ಲಿ ಅದಿಲ್ಲ, ಮಧ್ಯದ ಮಾಡೆಲ್‌ನಲ್ಲಿ ಇದಿಲ್ಲ, ಟಾಪ್ ಮಾಡೆಲ್‌ನಲ್ಲಿ ಎಲ್ಲಾ ಇದೆ. ಮೇಲೆ ಗಾಜಿನ ಚಾವಣಿ, ಬೆನ್ನಿಗೆ ತಂಗಾಳಿ ಬಿಡುವ ಸೀಟು, ಬಟನ್ ಒತ್ತಿದರೆ ತಾನೇ ಹಿಂದೆಮುಂದೆ ಸರಿಯುವ ಸೀಟು. ಅತ್ತಿಗೆ ಗಾಜಿನ ಚಾವಣಿಯ ಚಿತ್ರದ ಮೇಲೆ ಬೆರಳಾಡಿಸಿದಳು. ತಂಗಿ ಅಷ್ಟರಲ್ಲಿ ಅಲ್ಲಿ ನಿಲ್ಲಿಸಿದ್ದ ಮಧ್ಯದ ಮಾಡೆಲ್‌ನ ಬಾಗಿಲು ತೆಗೆದು, ಕೆಳಗಿನ ಲಿವರ್ ಎತ್ತಿ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದಳು. ಸೀಟಿನ ಬೆನ್ನಿನಿಂದ ಎಡಗಾಲು ಇಡುವ ಜಾಗದವರೆಗೆ ಟೇಪು ಹಿಡಿದಳು. ನಲವತ್ಮೂರು ಇಂಚು.

ಅಣ್ಣನ ಆ ಕಾಲು ಸೊಂಟದಿಂದ ಹಿಮ್ಮಡಿಗೆ ನಲವತ್ತೆರಡು. ಅವನ ಪ್ಯಾಂಟುಗಳನ್ನೆಲ್ಲ ಬಿಚ್ಚಿ, ಎಡಗಾಲಿಗೆ ಉದ್ದಕ್ಕೂ ಜಿಪ್ಪು ಕೂರಿಸಿ ಹೊಲಿದವಳು ಅವಳೇ. ಆ ಅಳತೆ ಅವಳಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು.

"ಇದೇ ಸಾಕು ಅಣ್ಣ" ಎಂದಳು. "ಬುಕಿಂಗ್ ಚೀಟೀಲಿ ಬರೆಸು. ಮಧ್ಯದ ಮಾಡೆಲ್, ಲಿವರ್ ಸೀಟು ಅಂತ."

"ಅದೆಲ್ಲ ಬರೆಯೋದು ಬೇಕಿಲ್ಲಕ್ಕಾ, ಕಂಪ್ಯೂಟರಲ್ಲಿ ಇರುತ್ತೆ."

"ಬರೀರಿ" ಎಂದ ಅಣ್ಣ. ಸೇಲ್ಸಿನವನು ಬರೆದ. ಆ ಚೀಟಿಯನ್ನು ತಂಗಿ ಮಡಚಿ ಪರ್ಸಿಗೆ ಹಾಕಿಕೊಂಡಳು.

ಆಮೇಲೆ ಶುರುವಾಯಿತು ಕಾಯುವುದು. ನಾಲ್ಕು ವಾರ ಎಂದಿದ್ದರು. ನಾಲ್ಕನೇ ವಾರ "ಗಾಡಿ ಫ್ಯಾಕ್ಟರಿಯಿಂದ ಹೊರಟಿದೆ ಸಾರ್" ಎಂದ ಸೇಲ್ಸಿನವನು. ಆರನೇ ವಾರ "ದಾರೀಲಿದೆ ಸಾರ್". "ದಾರೀಲಿ ನಡ್ಕೊಂಡು ಬರ್ತಿದೆಯಾ?" ಎಂದು ಅತ್ತಿಗೆ ಫೋನು ಕಿತ್ತುಕೊಂಡು ಗದರಿದಳು. ಅಣ್ಣ ಮಾತ್ರ ಸಿಟ್ಟಾಗಲಿಲ್ಲ. ಮನೆ ಮುಂದಿನ ಜಾಗ ಗುಡಿಸಿದ, ಚಾರ್ಜಿಗೆಂದು ಗೋಡೆಗೆ ಹೊಸ ಪ್ಲಗ್ಗು ಹಾಕಿಸಿದ. ದಿನಾ ಸಂಜೆ ಅಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು, ಎಡಗಾಲು ಚಾಚಿ, ನೆಲದ ಮೇಲೆ ಎರಡು ಚಪ್ಪಲಿ ಇಟ್ಟುಕೊಂಡು ಬಲಗಾಲಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ತುಳಿಯುತ್ತಿದ್ದ. ಒಂದು ಬ್ರೇಕು, ಒಂದು ಆಕ್ಸಿಲರೇಟರು. ಹಾದುಹೋಗುವವರು "ಏನ್ ಡ್ರೈವರಣ್ಣ, ಎಲ್ಲಿಗೆ ಹೊರಟ್ರಿ?" ಎಂದರೆ "ಹತ್ತಿ, ಬಿಟ್ಟುಬಿಡ್ತೀನಿ" ಎನ್ನುತ್ತಿದ್ದ.

ಒಂಬತ್ತನೇ ವಾರ ಫೋನು ಬಂತು. ನಾಳೆ ಬನ್ನಿ, ನಿಮಗೊಂದು ಸಿಹಿ ಸುದ್ದಿ ಇದೆ.

ಹೋದರೆ ಕಾರಿಗೆ ಕೆಂಪು ಬಟ್ಟೆ ಹೊದಿಸಿದ್ದರು, ಮೇಲೊಂದು ದೊಡ್ಡ ರಿಬ್ಬನ್ನು. ಮ್ಯಾನೇಜರೇ ಎದುರು ಬಂದು ಅಣ್ಣನ ಕೈ ಕುಲುಕಿ ಕೀ ಕೊಟ್ಟ. ಬಟ್ಟೆ ಎಳೆದರು. ಗಾಜಿನ ಚಾವಣಿ ಥಳಥಳ ಹೊಳೆಯಿತು.

"ಟಾಪ್ ಮಾಡೆಲ್ ಸಾರ್! ಅದೇ ರೇಟಿಗೆ. ನಿಮ್ಮ ಮಾಡೆಲ್ ಇನ್ನೂ ತಡ ಆಗುತ್ತೆ, ನೀವು ಕಾಯ್ಬಾರ್ದು ಅಂತ ನಾನೇ ಹೇಳಿ ಮಾಡಿಸ್ದೆ."

ಸೇಲ್ಸಿನವನು ಚಪ್ಪಾಳೆ ಹೊಡೆದ. ಅತ್ತಿಗೆಯ ಬಾಯಿ ತೆರೆದಂತೆಯೇ ಉಳಿಯಿತು. ತಂಗಿ ಕಾರಿನ ಟೈರು ನೋಡಿದಳು. ಸಂದಿಗಳಲ್ಲಿ ಒಣಗಿದ ಕೆಸರು, ವೈಪರಿನ ಬುಡದಲ್ಲಿ ತರಗೆಲೆ. ಎಷ್ಟು ತಿಂಗಳಿಂದ ಬಿಸಿಲಲ್ಲಿ ಬಿದ್ದಿತ್ತೋ, ಯಾರಿಗೂ ಬೇಡವಾದದ್ದನ್ನು ಒರೆಸಿ ತಂದು ಉಪಕಾರ ಅನ್ನುತ್ತಿದ್ದಾರಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಅಣ್ಣ ಕೋಲು ಊರಿ ಹೋಗಿ ಒಳಗೆ ಕೂತ. ಬಟನ್ ಒತ್ತಿದ. ಸೀಟು ಗುಯ್ಯೆಂದು ಹಿಂದಕ್ಕೆ ಹೋಗಿ ಟಕ್ಕೆಂದು ನಿಂತಿತು. ಇನ್ನೊಮ್ಮೆ ಒತ್ತಿದ. ನಿಂತದ್ದು ನಿಂತೇ ಇತ್ತು. ಎಡಗಾಲು ಒಳಗೆ ಹಿಡಿಸಲಿಲ್ಲ. ಅಣ್ಣ ಸೊಂಟವನ್ನು ಬಾಗಿಲ ಕಡೆಗೆ ತಿರುಚಿ, ಕಾಲನ್ನು ಅಡ್ಡಡ್ಡ ತೂರಿಸಿ, ಹಣೆಯ ಬೆವರು ಒರೆಸಿಕೊಂಡು ನಕ್ಕ.

"ಚೆನ್ನಾಗಿದೆ ಸಾರ್."

"ಫೋಟೋ, ಫೋಟೋ!" ಎಂದ ಸೇಲ್ಸಿನವನು.

ತಂಗಿ ಫೋಟೋದ ನಡುವೆ ನುಗ್ಗಿ, ಬಗ್ಗಿ, ಟೇಪು ಹಿಡಿದಳು. ನಲವತ್ತೂವರೆ. ಸೀಟಿನಡಿ ಇಣುಕಿದರೆ ಮೋಟರಿನ ಡಬ್ಬಿ ಹಿಂದೆ ಅಡ್ಡ ಕೂತಿತ್ತು, ಹಳಿ ಅಲ್ಲಿಗೇ ಮುಗಿದಿತ್ತು. ಅಣ್ಣನ ಬಲಗಾಲು ಬ್ರೇಕಿನ ಅಂಚಿನ ಮೇಲೆ ಓರೆಯಾಗಿ ಬಿದ್ದಿತ್ತು. ಅರ್ಧ ಪಾದ ಮೇಲೆ, ಅರ್ಧ ಪಾದ ಗಾಳಿಯಲ್ಲಿ.

"ಈ ಕಾರು ಬೇಡ" ಎಂದಳು.

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ದನಿ ಅಷ್ಟೇ ಇತ್ತು. ಇನ್ನೊಮ್ಮೆ ಅಂದಳು. ಈ ಸಲ ಪಕ್ಕದ ಕಾರು ನೋಡುತ್ತಿದ್ದವರೂ ತಿರುಗಿದರು.

"ಇರ್ಲಿ ಬಿಡೇ, ಅಡ್ಜಸ್ಟ್ ಮಾಡ್ಕೊಳ್ತೀನಿ" ಎಂದ ಅಣ್ಣ. ಎರಡು ವರ್ಷದಿಂದ ಎಲ್ಲರ ಮುಂದೆಯೂ ಅವನದು ಅದೇ ಮಾತು. ಬಸ್ಸಿನಲ್ಲಿ ಕಾಲು ತುಳಿದವರಿಗೂ ಅದೇ.

ಮ್ಯಾನೇಜರು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಮೇಡಂ, ಜನ ಇದಕ್ಕೆ ಸಾಯ್ತಾರೆ. ನಿಮಗೆ ಅರ್ಥ ಆಗ್ತಿಲ್ಲ."

ಅರ್ಥವಾಗದವಳಂತೆ! ತಂಗಿ ಹೊಲಿಗೆಯ ಬ್ಯಾಗಿನಿಂದ ಅಂಗಡಿಯ ಮರದ ಸ್ಕೇಲು ತೆಗೆದಳು. ಬಟ್ಟೆ ಗುರುತು ಹಾಕುವ ಉದ್ದನೆಯ ಸ್ಕೇಲು.

"ಅಣ್ಣ, ಇಳಿ. ನೀವು ಕೂತ್ಕೊಳ್ಳಿ ಸಾರ್."

"ನಾನಾ?"

"ನೀವೇ. ಒಳ್ಳೇ ಸೀಟಲ್ವಾ."

ಜನ ನೋಡುತ್ತಿದ್ದರು. ಮ್ಯಾನೇಜರು ಕಾಲು ಹೊರಗಿಟ್ಟು ನಗುತ್ತ ಕೂತ. ಅಣ್ಣನಷ್ಟೇ ಎತ್ತರದ ಆಳು. ತಂಗಿ ಸ್ಕೇಲನ್ನು ಅವನ ಎಡಗಾಲಿನ ಹಿಂದೆ, ತೊಡೆಯಿಂದ ಮೀನಖಂಡದವರೆಗೆ ಇಟ್ಟು, ಕಾರಿನ ರಿಬ್ಬನ್ನನ್ನೇ ಬಿಚ್ಚಿ ಮೊಣಕಾಲಿನ ಮೇಲೊಂದು ಕೆಳಗೊಂದು ಗಂಟು ಬಿಗಿದಳು. ಅದು ಟೈಲರ್ ಗಂಟು, ಎಳೆದರೆ ಬಿಚ್ಚುವುದಲ್ಲ.

"ಈಗ ಕಾಲು ಒಳಗೆ ತಗೊಳ್ಳಿ. ಬಾಗಿಲು ಹಾಕಿ. ಬ್ರೇಕ್ ಒತ್ತಿ."

ಮ್ಯಾನೇಜರು ಒಮ್ಮೆ ಹೀಗೆ ತಿರುಗಿದ, ಒಮ್ಮೆ ಹಾಗೆ. ಷೂ ಒಳಗಿನ ಗೋಡೆಗೆ ಧಡ್ಡೆಂದು ಬಡಿಯಿತು. ಬೆನ್ನು ಸೀಟಿಗೆ ಅಂಟಿದರೆ ಕಾಲು ಹೊರಗೆ, ಕಾಲು ಒಳಗಾದರೆ ಸೊಂಟ ತಿರುಚು. ಟೈ ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಅವನ ನಗು ಎಲ್ಲೋ ಹೋಯಿತು.

"ಸೊಂಟ ಹಿಡ್ಕೊಳ್ತು, ಬಿಚ್ಚಮ್ಮಾ!"

"ಎರಡು ನಿಮಿಷ ಆಗಿಲ್ಲ" ಎಂದಳು ತಂಗಿ. "ನಮ್ಮಣ್ಣ ಇದರಲ್ಲಿ ದಿನವಿಡೀ ಜನರನ್ನ ಕೂರಿಸ್ಕೊಂಡು ಹೋಗ್ಬೇಕು. ಎದುರಿಗೆ ಯಾರಾದ್ರೂ ಬಂದ್ರೆ ಅರ್ಧ ಪಾದದಲ್ಲಿ ಬ್ರೇಕ್ ಒತ್ಬೇಕಾ? ಉಪಕಾರ ಮಾಡ್ತೀವಿ ಅಂದ್ರಲ್ಲ, ಒಂದು ಮಾತು ಕೇಳಿದ್ರಾ? ಚೀಟೀಲಿ ಏನಂತ ಬರೆದಿತ್ತು?" ಪರ್ಸಿನಿಂದ ಚೀಟಿ ತೆಗೆದು ಕಾರಿನ ಮೂತಿಯ ಮೇಲೆ ಬಿಡಿಸಿಟ್ಟಳು.

ಸೇಲ್ಸಿನವನು ಚೀಟಿ ಬಿಟ್ಟು ಬೇರೆಲ್ಲ ಕಡೆ ನೋಡಿದ. "ಮೇಡಂ, ಇದು ಬಿಟ್ರೆ ಇನ್ನೂ ಐದಾರು ವಾರ..." ಎಂದ, ಅತ್ತಿಗೆಯ ಕಡೆಗೆ.

ಅತ್ತಿಗೆ ಗಾಜಿನ ಚಾವಣಿಯನ್ನು ಕೊನೆಯ ಸಲ ನೋಡಿದಳು. ಆಮೇಲೆ ಗಂಡನ ಬೆವರಿದ ಹಣೆ ನೋಡಿದಳು. ಅವನ ಕೈಯಿಂದ ಕೀ ಕಿತ್ತು ಸೇಲ್ಸಿನವನ ಕೈಗೆ ತುರುಕಿದಳು.

"ಇಟ್ಕೊಳ್ಳಪ್ಪಾ. ತಾರೀಕು ಹಾಕಿ ಬರ್ಕೊಡಿ. ಆ ತಾರೀಕಿಗೆ ನಮ್ಮ ಗಾಡಿ ಬರ್ಲಿಲ್ಲ ಅಂದ್ರೆ ಕೊಟ್ಟಿದ್ದೆಲ್ಲ ವಾಪಸ್. ಬರ್ಕೊಡೋವರ್ಗೂ ನಿಮ್ಮ ಸಾಹೇಬ್ರು ಅಲ್ಲೇ ಕೂತಿರ್ಲಿ."

ಬರೆದುಕೊಟ್ಟರು. ಸಹಿ ಬಿದ್ದ ಮೇಲೆಯೇ ತಂಗಿ ಗಂಟು ಬಿಚ್ಚಿದ್ದು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಣ್ಣ ಕಾಲು ಚಾಚಿ, ಕಿಟಕಿಯ ಹೊರಗೆ ನೋಡುತ್ತಿದ್ದ. ತಂಗಿಗೆ ಸಂಕಟವಾಯಿತು. ಇವತ್ತೇ ಓಡಿಸಿಕೊಂಡು ಬರುತ್ತೇನೆ ಎಂದು ಬೀದಿಗೆಲ್ಲ ಹೇಳಿದ್ದನಲ್ಲ. ಆದರೂ ಅವಳ ಸಿಟ್ಟು ಆರಿರಲಿಲ್ಲ. ಆ 'ಚೆನ್ನಾಗಿದೆ ಸಾರ್' ನೆನಪಾದಾಗಲೆಲ್ಲ ಅಣ್ಣನ ಮೇಲೂ ಉರಿಯುತ್ತಿತ್ತು.

ಬೀದಿಯ ತಿರುವಿನಲ್ಲೇ ಎದುರು ಮನೆಯವನು ಕಾದಿದ್ದ. "ಎಲ್ಲಿ ಡ್ರೈವರಣ್ಣ, ಕಾರು?"

ಅಣ್ಣ ಕೋಲು ಊರಿ ನಿಂತ. ತಂಗಿ ಅವನ ಮುಖ ನೋಡಿದಳು.

"ಅಳತೆ ಸರಿಯಾಗ್ಲಿಲ್ಲ" ಎಂದ ಅಣ್ಣ. "ವಾಪಸ್ ಕೊಟ್ವಿ."

ಸಂಜೆ ಅವನು ಮತ್ತೆ ಕುರ್ಚಿ ಹಾಕಿ ಕೂತ. ಚಪ್ಪಲಿಗಳನ್ನು ನೆಲದ ಮೇಲಿಟ್ಟು, ಕೋಲಿನಿಂದ ಹಿಂದೆಮುಂದೆ ಸರಿಸಿ ನೋಡಿದ. ಸಮಾಧಾನವಾಗಲಿಲ್ಲ.

"ಏಯ್" ಎಂದು ಒಳಗೆ ಕೂಗಿದ. "ಟೇಪು ತಗೊಂಡು ಬಾರೇ. ನಲವತ್ಮೂರಕ್ಕೆ ಇವನ್ನ ಸರಿಯಾಗಿ ಇಟ್ಟುಕೊಡು."