ಮೂಗಿಗೆ ಹಚ್ಚಿದ ವಿಭೂತಿ

ಕಲ್ಲೋಳಿಯ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ದುಂಡೇಶನಿಗೆ ಒಂದು ಕೆಟ್ಟ ಗುಣವಿತ್ತು. ಯಾರು ಏನು ಕೇಳಿದರೂ ಇಲ್ಲ ಎನ್ನಲಾರ. ಸುಟ್ಟ ಮೋಟಾರು ತಂದ ನಾಲ್ಕು ಜನರಿಗೂ ಒಂದೇ ಸಂಜೆಯ ಮಾತು ಕೊಟ್ಟು, ಸಂಜೆ ಬಾಗಿಲು ಹಾಕಿಕೊಂಡು ಹೋಗುವ ಆಸಾಮಿ. ಇಂಥವನು ಫೋನಿನಲ್ಲಿ ತನ್ನ ವಿಡಿಯೋ ನೋಡುವ ಹನ್ನೊಂದು ಸಾವಿರ ಜನರನ್ನು ಗಂಟು ಹಾಕಿಕೊಂಡರೆ ಏನಾಗಬೇಕೋ ಅದೇ ಆಯಿತು.

ಮೂರು ವರ್ಷದಿಂದ ಅವನು ತಾನಾಗಿಯೇ ಹಾರುವ, ಒಳಗೆ ಯಾರೂ ಕೂರದ ವಿಮಾನ ಕಟ್ಟುತ್ತಿದ್ದ. ಥರ್ಮಾಕೋಲು, ಬಿದಿರು, ಹಳೆಯ ಛತ್ರಿಯ ಕಡ್ಡಿ. ಮೂಡಲಗಿಯ ಬಡಿಗ ಮೆಹಬೂಬ ರೆಕ್ಕೆ ಕೊಯ್ದು ಕೊಡುತ್ತಿದ್ದ. ಎಷ್ಟು ಕೆಲಸವಾಯಿತೆಂದು ಪ್ರತಿ ಭಾನುವಾರ ಒಂದು ವಿಡಿಯೋ ಹಾಕುವುದು ರೂಢಿ. ಮನೆಯಲ್ಲೇ ಕಟ್ಟಿದ ವಿಮಾನಗಳ ಸ್ಪರ್ಧೆಯೊಂದಿತ್ತು. ರಿಮೋಟು ಮುಟ್ಟದೆ ಹತ್ತು ನಿಮಿಷ ಹಾರಿಸಿ, ಅದರ ಇಡೀ ವಿಡಿಯೋ ಕಳಿಸಬೇಕು. ಮೊದಲ ವರ್ಷ ರೆಕ್ಕೆ ಮುರಿಯಿತು, ಎರಡನೆಯ ವರ್ಷ ಬ್ಯಾಟರಿ ಕೈಕೊಟ್ಟಿತು. ಮೂವತ್ತು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ದುಂಡೇಶನಿಗೆ ಮುಂದಿನ ತಿಂಗಳು ಮೂವತ್ತು. ಇದು ಕೊನೆಯ ಸಲ, ವಿಡಿಯೋ ಕಳಿಸಲು ಬರುವ ಭಾನುವಾರವೇ ಕೊನೆಯ ದಿನ.

ಖರೆ ಹೇಳಬೇಕೆಂದರೆ ಜನ ವಿಮಾನಕ್ಕಿಂತ ಹೆಚ್ಚಾಗಿ ನೋಡುತ್ತಿದ್ದುದು ಅವನ ತಾಯಿ ಯಮನವ್ವನನ್ನು. ಆಕೆ ಗೋಂದಿನ ಡಬ್ಬಿ ಹಿಡಿದು ನಡುವೆ ಬಂದು, ಕ್ಯಾಮೆರಾದತ್ತ ಬಗ್ಗಿ, "ಊಟಾ ಆತೇನ್ರಿ ಎಲ್ಲಾರ್ದೂ?" ಎಂದು ಕೇಳಿಬಿಟ್ಟರೆ ಸಾಕು, ಉತ್ತರಗಳ ಸುರಿಮಳೆ. ಆ ಹನ್ನೊಂದು ಸಾವಿರ ಜನರೂ ಸ್ಪರ್ಧೆಯವರೇ ಎಂದು ಆಕೆ ತಿಳಿದಿದ್ದಳು. ಅದನ್ನು ಬಿಡಿಸಿ ಹೇಳುವ ಗೋಜಿಗೆ ಮಗ ಹೋಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಘೋಡಗೇರಿಯಲ್ಲಿ, ಸೋದರಮಾವನ ಕಬ್ಬು ಕಡಿದ ಹೊಲದಲ್ಲಿ ತಾಯಿ, ಮಗ, ಮೆಹಬೂಬ ಮೂವರೂ ಸೇರಿದರು. ವಿಮಾನದ ಮೂಗಿನ ತುದಿಯಲ್ಲಿ ಒಂದು ಸಣ್ಣ ನಳಿಕೆ. ಅದರೊಳಗೆ ಹೋಗುವ ಗಾಳಿಯಿಂದಲೇ ವಿಮಾನಕ್ಕೆ ತನ್ನ ವೇಗ ಗೊತ್ತಾಗುವುದು. ದುಂಡೇಶ ಅದಕ್ಕೆ ಊದಿ ನೋಡಿದ. ಸರಿಯಾಗಿತ್ತು. ಆಮೇಲೆ ಪೂಜೆ. ಟ್ರ್ಯಾಕ್ಟರ್ ಬರಲಿ, ಹಿಟ್ಟಿನ ಗಿರಣಿ ಬರಲಿ, ಹೊಸದಕ್ಕೆ ವಿಭೂತಿ ಹಚ್ಚದೆ ಆ ಮನೆಯವರು ಕೈ ಹಾಕಿದವರಲ್ಲ. ಯಮನವ್ವ ವಿಭೂತಿಯನ್ನು ನೀರಿನಲ್ಲಿ ಕಲಸಿ, ರೆಕ್ಕೆಯ ಮೇಲೆ ಮೂರು ಬೆರಳು ಎಳೆದು ಕೈ ಮುಗಿದಳು.

ದುಂಡೇಶ ಫೋನಿನಲ್ಲಿ ತೆಗೆದ ಪೂಜೆಯ ವಿಡಿಯೋ ನೋಡಿದ. ತಾಯಿಯ ಮುಖ ನೆರಳಿನಲ್ಲಿತ್ತು.

"ಅವ್ವಾ, ಇನ್ನೊಮ್ಮೆ ಹಚ್ಚ. ಈ ಸಲ ಮೂಗಿಗಿ ಹಚ್ಚ, ಚಲೋ ಕಾಣತೈತಿ."

"ಹಚ್ಚೇನಲ್ಲೋ. ಎರಡೆರಡು ಸಲ ಹಚ್ಚತಾರೇನು?"

"ಹಚ್ಚವಾ. ಮಂದಿ ನಿನ್ನ ನೋಡಾಕ ಕಾಯಾಕತ್ತಾರ. ಇನ್ನೊಂದೀಟು ಗಟ್ಟಿಯಾಗಿ ಹಚ್ಚ."

ಆಕೆ ಹಚ್ಚಿದಳು. ಅವನು ಅಲ್ಲೇ ಕೂತು ತಾಯಿ-ಮಗನ ಮಾತನ್ನೆಲ್ಲ ಕತ್ತರಿಸಿ, ವಿಭೂತಿ ಹಚ್ಚುವುದಷ್ಟನ್ನೇ ಉಳಿಸಿ ಹಾಕಿದ. ಹತ್ತು ನಿಮಿಷದ ಹಾರಾಟಕ್ಕೆ ಫೋನಿನಲ್ಲಿ ಜಾಗ ಬೇಕಲ್ಲ, ಮೂಲ ವಿಡಿಯೋ ಅಳಿಸಿದ. ಮತ್ತೊಮ್ಮೆ ನಳಿಕೆ ಊದಿ ನೋಡಬೇಕೆಂದು ಮನಸ್ಸಿಗೆ ಬಂತು. ಆದರೆ ಗಾಳಿ ಜೋರಾಗತೊಡಗಿತ್ತು, ಮೆಹಬೂಬ ಅವಸರ ಮಾಡುತ್ತಿದ್ದ.

ಏರುವವರೆಗೆ ವಿಮಾನ ಚೆನ್ನಾಗಿಯೇ ಏರಿತು. ಮೇಲೆ ಹೋಗಿ ಮೊದಲ ಸುತ್ತಿಗೆ ತಿರುಗಿದ್ದೇ ತಡ, ಮೂಗು ಕೆಳಗೆ ಮಾಡಿತು. ನಳಿಕೆಗೆ ಗಾಳಿ ಬರುತ್ತಿಲ್ಲ, ವೇಗವೇ ಇಲ್ಲ ಎಂದು ತಿಳಿದು, ಪಾಪ, ವೇಗ ಗಳಿಸಲು ನೆಲದತ್ತ ನುಗ್ಗುತ್ತಿತ್ತು. ದುಂಡೇಶನ ಹೆಬ್ಬೆರಳು ರಿಮೋಟಿನ ಮೇಲೇ ಇತ್ತು. ಮುಟ್ಟಿದರೆ ಹಾರಾಟ ಲೆಕ್ಕಕ್ಕಿಲ್ಲ. ಮುಟ್ಟಲೋ ಬೇಡವೋ ಎನ್ನುವುದರೊಳಗೆ ಮುಗಿದುಹೋಯಿತು. "ಅಯ್ಯ ಶಿವನ!" ಎಂದು ಎಲ್ಲರಿಗಿಂತ ಮೊದಲು ಓಡಿದವಳು ಯಮನವ್ವ.

ಚೂರುಗಳನ್ನು ಗೋಣಿಚೀಲಕ್ಕೆ ತುಂಬುವಾಗ ಮೆಹಬೂಬ ನಳಿಕೆಯನ್ನು ಎತ್ತಿ ಉಗುರಿನಿಂದ ಕೆರೆದ. ಒಣಗಿದ ವಿಭೂತಿ ಬೆಣೆಯಂತೆ ಕೂತಿತ್ತು. ಇಬ್ಬರೂ ಯಮನವ್ವನಿಗೆ ಏನೂ ಹೇಳಲಿಲ್ಲ.

ಹೇಳುವ ಕೆಲಸ ಊರೇ ಮಾಡಿತು. ವಿಮಾನ ಬಿದ್ದ ಸುದ್ದಿ ಹಬ್ಬಿ, ಮಧ್ಯಾಹ್ನದ ಹೊತ್ತಿಗೆ, ನಳಿಕೆಯ ಬಗ್ಗೆ ಅವನ ಹಳೆಯ ವಿಡಿಯೋ ನೋಡಿದ್ದ ಯಾರೋ ಪುಣ್ಯಾತ್ಮ ಪೂಜೆಯ ವಿಡಿಯೋ ನಿಲ್ಲಿಸಿ, ಆಕೆಯ ಬೆರಳಿನ ಸುತ್ತ ಕೆಂಪು ಗೆರೆ ಎಳೆದು, 'ಮಗನ ವಿಮಾನ ಕೆಡವಿದ ತಾಯಿ' ಎಂದು ಬರೆದು ಬಿಟ್ಟಿದ್ದ. ದುಂಡೇಶ ತನ್ನದನ್ನು ಅಳಿಸಿದ. ಅಷ್ಟರಲ್ಲಿ ಅದು ಗೋಕಾಕ, ಹುಕ್ಕೇರಿ ದಾಟಿ ಎಲ್ಲೆಲ್ಲಿಗೋ ಹೋಗಿತ್ತು. ಕ್ಯಾಮೆರಾದ ಮುಂದೆ ಕೂತು ಇದ್ದದ್ದು ಇದ್ದಂತೆ ಹೇಳಿದ: ಹಚ್ಚು ಅಂದವನು ನಾನು, ಊದಿ ನೋಡದವನೂ ನಾನು. 'ತಾಯಿಯ ತಪ್ಪನ್ನು ಮೈಮೇಲೆ ಹಾಕಿಕೊಂಡ, ಮಗನೆಂದರೆ ಇಂಥವನು' ಎಂದು ಜನ ಕೊಂಡಾಡಿದರು. ಮೂರು ವರ್ಷದಲ್ಲಿ ಅವನ ಯಾವ ವಿಡಿಯೋಗೂ ಅಷ್ಟು ಮೆಚ್ಚುಗೆ ಬಂದಿರಲಿಲ್ಲ. ಕಣ್ಣಾರೆ ಕಂಡಿದ್ದೇನೆಂದು ಮೆಹಬೂಬ ಬರೆದ. ಅವನ ಹೆಸರು ನೋಡಿದ ಕೆಲವರು ವಿಭೂತಿ ಬಿಟ್ಟು ಬೇರೆಯದೇ ಮಾತು ತೆಗೆದರು. ಕೊನೆಗೆ ದುಂಡೇಶನೇ ಫೋನು ಮಾಡಿ, "ತಗದಬಿಡೋ ಮಾರಾಯಾ, ನಿನಗ್ಯಾಕ ಈ ತ್ರಾಸು" ಎನ್ನಬೇಕಾಯಿತು. ಮೂಲ ವಿಡಿಯೋ ಇದ್ದಿದ್ದರೆ ತೋರಿಸಬಹುದಿತ್ತು.

ಸಂಜೆ ಯಮನವ್ವ ಗಿರಣಿಯಿಂದ ಹಿಟ್ಟಿನ ಬುಟ್ಟಿಯೊಂದಿಗೆ ಬಂದವಳು ಅದನ್ನು ಇಳಿಸಿ ಬಾಗಿಲಲ್ಲೇ ಕೂತಳು. ಅಲ್ಲಿ ಯಾರೋ ನಕ್ಕು ಕೇಳಿದ್ದರು.

"ಖರೇನ ನಾನ ಕೆಡವಿದ್ನೇನೋ?"

"ಇಲ್ಲವಾ. ಮೂಗಿಗಿ ಹಚ್ಚ ಅಂದಾಂವ ನಾನ ಅಲ್ಲೇನು?"

"ನೀ ಅಂದಿ. ಆದ್ರ ಆ ತೂತು ನನಗ ಕಂಡಿತ್ತೋ. ವಿಭೂತಿ ಗೆರಿ ನಡುವ ಕಡೀಬಾರದು ಅಂತ ಅದರ ಮ್ಯಾಲೂ ಎಳದ್ನಿ."

ಅದು ಬರೀ ತೂತಲ್ಲ, ಮುಟ್ಟಬಾರದ್ದು ಎಂದು ದುಂಡೇಶ ಮೂರು ವರ್ಷದಲ್ಲಿ ಒಂದು ದಿನ ಹೇಳಿದ್ದರೆ ಸಾಕಿತ್ತು. ವಿಡಿಯೋದಲ್ಲಿ ಹೊರಗಿನ ಮಂದಿಗೆ ಹೇಳಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ.

ಯಮನವ್ವ ಎದ್ದು ಮುಖ ತೊಳೆದು, ತಲೆ ಮೇಲೆ ಸೆರಗು ಹೊದ್ದು ಬಂದು ಗೋಡೆಗೆ ಒರಗಿ ಕೂತಳು.

"ಫೋನ ಹಿಡಿ. ಆ ಮಂದಿಗೆ ನಾ ಒಂದ ಮಾತ ಹೇಳತೇನಿ. ನನ್ನ ಮಾತಂದ್ರ ಅವರಿಗಿ ಪ್ರೀತಿ ಐತಿ."

ಅವನು ಹಿಡಿದ. ಗುಂಡಿ ಒತ್ತಲಿಲ್ಲ.

"ಚಾಲೂ ಆತೇನು?"

"ಆತವಾ."

ಆಕೆ ಎರಡೂ ಕೈ ಜೋಡಿಸಿದಳು. "ತಪ್ಪಾತ್ರಿ, ಯಪ್ಪಾ. ತಪ್ಪು ನಂದು, ನನ್ನ ಮಗಂದಲ್ಲ. ಅಂವಗ ವಯಸ್ಸ ಮುಗ್ಯಾಕ ಬಂದೈತಿ. ಒಂದ ಸಲ ತಗೋರಿ. ಇನ್ನ ಮ್ಯಾಲೆ ನಾ ಅದರ ಬಾಜೂಕ ಸುಳಿಯಾಂಗಿಲ್ಲ."

ಕಪ್ಪು ಪರದೆಯ ಹಿಂದೆ ದುಂಡೇಶ ಫೋನನ್ನು ಆಕೆಯ ಮುಖಕ್ಕೇ ಹಿಡಿದು ನಿಂತ. ಹೇಳಿ ಮುಗಿಸಿದ ಮೇಲೆ ಆಕೆಯ ಮುಖ ಹಗುರಾಯಿತು. ಆ ದಿನ ಮೊದಲ ಸಲ ರೊಟ್ಟಿ ಮುರಿದಳು, ಮಗನಿಗೂ ಬಡಿಸಿದಳು.

ಮರುದಿನ ಬೆಳಿಗ್ಗೆ ಎದ್ದವಳೇ ಅವನ ಹಾಸಿಗೆಯ ಹತ್ತಿರ ಬಂದು ಕೇಳಿದಳು:

"ಏನಂದ್ರೋ ಅವರು?"