ಮುಂಜಾವಿನ ಪೆಟ್ರೋಲು ದಪ್ಪ

ಟಿಪ್ಸ್ ಕೊಡುವ ಗಿರಾಕಿಯೆಂದರೆ ಬಂಕಿನವರಿಗೆ ಅಚ್ಚುಮೆಚ್ಚು. ನಮ್ಮ ಮಾವನವರೂ ಕೊಡುತ್ತಿದ್ದರು; ಆದರೆ ಅವರ ಟಿಪ್ಸು ಕಿಸೆಯಿಂದ ಬರುವಂಥದ್ದಲ್ಲ, ಬಾಯಿಂದ ಬರುವಂಥದ್ದು. "ಪೈಪಿನ ಹಿಡೀನ ಅರ್ಧ ಮಾತ್ರ ಒತ್ತಬೇಕು, ಪೂರ್ತಿ ಒತ್ತಿದ್ರೆ ಅರ್ಧ ಆವಿಯಾಗಿ ಹೋಗುತ್ತೆ." "ಟ್ಯಾಂಕು ಅರ್ಧಕ್ಕಿಂತ ಕೆಳಗಿಳೀಬಾರದು." "ಲಾರಿಯಿಂದ ಇಳಿಸ್ತಿರೋವಾಗ ಹಾಕಿಸ್ಲೇಬಾರದು, ತಳದ ಕಸ ಎಲ್ಲ ಎದ್ದಿರುತ್ತೆ." ಇವೆಲ್ಲಕ್ಕೂ ಕಿರೀಟಪ್ರಾಯವಾದದ್ದು ಒಂದಿತ್ತು: ಪೆಟ್ರೋಲನ್ನು ಸೂರ್ಯ ಹುಟ್ಟುವ ಮೊದಲೇ ಹಾಕಿಸಬೇಕು.

"ಅಳಿಯಂದಿರೇ," ಎಂದು ಮೂಗಿನಿಂದಲೇ ಶುರುಮಾಡಿ, ಮುಂದಿನ ಮಾತಿಗೆ ನಾನು ಹಣ್ಣಾಗುವವರೆಗೂ ಕಾದು, "ಬಿಸಿಗೆ ಯಾವ ಪದಾರ್ಥ ಆದ್ರೂ ಹಿಗ್ಗುತ್ತೆ. ಹಿಗ್ಗಿದ ಲೀಟರಲ್ಲಿ ಸರಕು ಕಮ್ಮಿ. ಮುಂಜಾವಿನ ಪೆಟ್ರೋಲು ದಪ್ಪ. ಮಧ್ಯಾಹ್ನದ್ದು ಬರೀ ಗಾಳಿ" ಎನ್ನುವರು. ಬಿಸಿಗೆ ಪೆಟ್ರೋಲು ಹಿಗ್ಗುವುದೋ ಇಲ್ಲವೋ, ಈ ಮಾತು ಆಡುವಾಗ ಮಾವನವರಂತೂ ಹಿಗ್ಗುತ್ತಿದ್ದರು. ನಾನು ಮನೆಗೆ ಬಂದು ಅದೇ ಮೂಗು, ಅದೇ ವಿರಾಮ ಹಾಕಿ ಅಭಿನಯಿಸಿದರೆ ನನ್ನ ಹೆಂಡತಿ ಬಿದ್ದುಬಿದ್ದು ನಗುತ್ತಿದ್ದಳು.

ಒಂದು ಶನಿವಾರ ಅವಳ ನಗು ನಿಂತಿತು. ಐದೂವರೆಯ ಮಸುಕಿನಲ್ಲಿ ಬಂಕಿಗೆ ಹೊರಟಿದ್ದ ಮಾವನವರ ಕಾರು ಪೇಪರು ಹಂಚುವವನ ಸೈಕಲ್ಲಿಗೆ ತಾಗಿತ್ತು. ಅವನಿಗೆ ಮೊಣಕೈ ತರಚಿತು, ಪೇಪರೆಲ್ಲ ರಸ್ತೆಯ ಪಾಲಾಯಿತು. "ಅವನು ದೀಪ ಹಾಕಿರ್ಲಿಲ್ಲ" ಎಂದರು ಮಾವ. ಹಾಕಿದ್ದನೆಂದು ಎದುರುಮನೆಯವರು ಹೇಳಿದರು.

"ನೀವೇ ಹೇಳ್ರೀ," ಎಂದಳು ಹೆಂಡತಿ. "ಕಣ್ಣು ತೋರಿಸ್ಕೊಳ್ಳಿ ಅಂತ ಅಮ್ಮ ಅಂದಿದ್ದಕ್ಕೆ ತಟ್ಟೆ ಬಿಟ್ಟು ಎದ್ರಂತೆ. ನಾನಂದ್ರೆ ಮಗಳು ಬುದ್ಧಿ ಹೇಳೋಕೆ ಬಂದ್ಲು ಅಂತಾರೆ."

"ನಾನಂದ್ರೆ ಅಳಿಯ ಕಾರಿನ ಮೇಲೆ ಕಣ್ಣು ಹಾಕ್ದ ಅಂತಾರೆ."

"ತಮಾಷೆ ಸಾಕು. ಮುಂದಿನ ಶನಿವಾರ ಸೈಕಲ್ ಬದ್ಲು ಮನುಷ್ಯನೇ ಸಿಕ್ಕಿದ್ರೆ?"

ಕಣ್ಣಿನ ಮಾತೆತ್ತುವ ಹಾಗಿಲ್ಲವೆಂದರೆ ಪೆಟ್ರೋಲಿನ ದಾರಿಯಲ್ಲೇ ಹೋಗಬೇಕು. ಮುಂಜಾವಿಗೂ ಮಧ್ಯಾಹ್ನಕ್ಕೂ ವ್ಯತ್ಯಾಸವಿಲ್ಲವೆಂದು ರುಜುವಾದರೆ ಆ ಕತ್ತಲ ಸವಾರಿಯಾದರೂ ನಿಂತೀತು ಎಂದುಕೊಂಡು ನಾನೊಬ್ಬನೇ ಬಂಕಿಗೆ ಹೋದೆ.

ಅಲ್ಲಿನ ಮ್ಯಾನೇಜರು ಐವತ್ತರ ಆಸುಪಾಸಿನ ಹೆಂಗಸು. ನಾನು ಮಾವನವರ ದನಿಯಲ್ಲಿ "ಮುಂಜಾವಿನ ಪೆಟ್ರೋಲು..." ಎನ್ನುವಷ್ಟರಲ್ಲೇ ಆಕೆ "ಓ, ದಪ್ಪ ಪೆಟ್ರೋಲಿನ ಯಜಮಾನ್ರ ಕಡೆಯವ್ರಾ?" ಎಂದರು. ಆಮೇಲೆ ಒಂದು ದೊಡ್ಡ ಪುಸ್ತಕ ಬಿಡಿಸಿದರು. "ದಿನಾ ಶಾಖ ಅಳೆದು ಇದ್ರಲ್ಲಿ ಬರೀತೀವಿ ಸರ್. ನಮ್ಮ ಟ್ಯಾಂಕು ನೆಲದಡಿ ಎರಡಾಳು ಕೆಳಗಿದೆ. ಮೇಲೆ ಬಿಸಿಲೋ ಚಳಿಯೋ ಅದಕ್ಕೆ ಸುದ್ದಿನೇ ಮುಟ್ಟಲ್ಲ. ಬೇಕಾದ್ರೆ ಅವರ ಕೈಲೇ ಅಳೆಸಿ."

ಮಾವನವರು ಮೂವತ್ತೆರಡು ವರ್ಷ ಸರ್ವೆಯರಾಗಿದ್ದವರು. ಕೂದಲೆಳೆಯಷ್ಟು ಗೆರೆಗಳನ್ನು ಓದಿ ಊರೂರಿನ ಗಡಿ ಹಾಕಿದವರು. ಅವರಿಗೆ "ಅಳೆಯೋಣವಾ?" ಎಂದು ಕೇಳುವುದು ಮಗುವಿಗೆ "ಆಡೋಣವಾ?" ಎಂದು ಕೇಳಿದಂತೆ.

"ಆಯ್ತು," ಎಂದರು. "ಶಾಖ ಒಂದೇ ಬಂದ್ರೆ ಇನ್ಮೇಲೆ ಮಧ್ಯಾಹ್ನವೇ ಹಾಕಿಸ್ತೀನಿ. ಬರ್ಲಿಲ್ಲ ಅಂದ್ರೆ ನೀವು ಪ್ರತಿ ಶನಿವಾರ ಐದಕ್ಕೆ ಎದ್ದು ನನ್ನ ಜೊತೆ ಬರ್ಬೇಕು."

ಶನಿವಾರ ನಸುಕಿಗೆ ಹೊರಟೆವು. ಅವರು ನಡೆಸಿದರು, ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ತುಳಿದೆ. ಬಂಕಿನಲ್ಲಿ ಮ್ಯಾನೇಜರಮ್ಮ ಪೈಪಿನಿಂದ ಉದ್ದನೆಯ ಗಾಜಿನ ಜಾಡಿಗೆ ಪೆಟ್ರೋಲು ಹಿಡಿದು, ಅದರೊಳಗೆ ಥರ್ಮಾಮೀಟರು ಇಳಿಬಿಟ್ಟರು. ಮಾವ ಸೊಂಟ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಹಳೆಯ ಗತ್ತಿನಲ್ಲೇ ನೋಡಿದರು.

"ಇಪ್ಪತ್ತೊಂದೂಕಾಲು. ಬರ್ಕೊಳ್ಳಿ."

ಮ್ಯಾನೇಜರಮ್ಮ ಜಾಡಿಯನ್ನು ತಾವೂ ಒಮ್ಮೆ ನೋಡಿ ಬರೆದುಕೊಂಡರು. ನಾನು ಆಕಳಿಸುತ್ತಿದ್ದೆ, ನೋಡಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಮತ್ತೆ ಹೋದೆವು. ಬಿಸಿಲಿಗೆ ಕಾರಿನ ಬಾನೆಟ್ಟಿನ ಮೇಲೆ ಕೈಯಿಡುವಂತಿರಲಿಲ್ಲ. ಅದೇ ಪೈಪು, ಅದೇ ಜಾಡಿ. ಮಾವ ಬಗ್ಗಿದರು.

"ಮೂವತ್ನಾಲ್ಕೂವರೆ. ಏನಂತೀರಿ ಅಳಿಯಂದಿರೇ? ನಿಮ್ಮ ಅಲಾರಾಂ ಐದಕ್ಕೆ ಇಟ್ಟುಬಿಡಿ."

ಮ್ಯಾನೇಜರಮ್ಮ ಏನೂ ಬರೆಯಲಿಲ್ಲ. ಜಾಡಿಯನ್ನು ನನ್ನ ಕಡೆ ತಿರುಗಿಸಿ, "ಬೇಗ ನೀವೂ ಒಂದ್ಸಲ ನೋಡ್ಬಿಡಿ ಸರ್" ಎಂದರು.

ನೋಡಿದೆ. ಕೆಂಪು ಗೆರೆ ಇಪ್ಪತ್ತೇಳಕ್ಕೆ ನಿಂತಿತ್ತು. ಇಪ್ಪತ್ತೇಳನ್ನು ಮೂವತ್ನಾಲ್ಕೆಂದು ಓದಬೇಕಾದರೆ ಗೆರೆ ಕಂಡಿರಲೇಬಾರದು. ಬೆಳಿಗ್ಗೆ ತಂಪಿತ್ತು, ಇಪ್ಪತ್ತೊಂದೆಂದಿದ್ದರು. ಈಗ ಸೆಕೆ, ಮೂವತ್ನಾಲ್ಕೆಂದರು. ಓದಿದ್ದು ಗಾಜನ್ನಲ್ಲ, ಹವೆಯನ್ನು.

ಮೂವತ್ನಾಲ್ಕೂವರೆ ಎಂದುಬಿಡುವುದು ಸುಲಭವಿತ್ತು. ಅವರ ದನಿಯಲ್ಲೇ ಅನ್ನಬಹುದಿತ್ತು, ಮೂವರೂ ನಕ್ಕು ಮನೆಗೆ ಹೋಗಬಹುದಿತ್ತು. ಶನಿವಾರ ಐದಕ್ಕೆ ಏಳುವುದೇನು ಮಹಾ. ಆದರೆ ಪೇಪರಿನವನು ಭಾನುವಾರವೂ ಸೈಕಲ್ ತುಳಿಯುತ್ತಾನೆ.

"ಇಪ್ಪತ್ತೇಳು, ಮಾವ," ಎಂದೆ, ನನ್ನದೇ ದನಿಯಲ್ಲಿ.

"ಸರಿಯಾಗಿ ನೋಡಿ."

"ನೋಡ್ದೆ. ಇಪ್ಪತ್ತೇಳೇ."

ಮಾವ ಮ್ಯಾನೇಜರಮ್ಮನ ಕಡೆ ತಿರುಗಿದರು. "ಬೆಳಿಗ್ಗೆ ಎಷ್ಟು ಬರ್ದಿದೀರಮ್ಮಾ?"

"ಇಪ್ಪತ್ತೇಳೇ ಸರ್." ಆಕೆ ಮೆಲ್ಲಗೆ ಹೇಳಿದರು. "ಕೇಳಿದ್ದನ್ನ ಬರೆಯೋ ಹಾಗಿಲ್ಲ, ಕಂಡಿದ್ದನ್ನೇ ಬರೀಬೇಕು. ಬೇಜಾರು ಮಾಡ್ಕೋಬೇಡಿ."

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಹಾಕಿಕೊಂಡು ಜಾಡಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಮತ್ತೆ ತೆಗೆದು ಒರೆಸಿದರು. ಹಿಂದಿನ ಕಾರಿನವನು ಹಾರನ್ ಹೊಡೆದ. ಮ್ಯಾನೇಜರಮ್ಮ ಅವನಿಗೆ ಕೈಯಲ್ಲೇ "ತಡಿ" ಎಂದರು.

"ಎಲ್ಲಿದೆ ಅದು, ಕೆಂಪು ಗೆರೆ?" ಎಂದು ಮಾವ ಕೇಳಿದರು. ಮೂಗಿನ ದನಿ ಇರಲಿಲ್ಲ. ಅಣಕಿಸಲು ಏನೂ ಉಳಿದಿರಲಿಲ್ಲ.

ನಾನು ಅವರ ತೋರುಬೆರಳು ಹಿಡಿದು ಗಾಜಿನ ಮೇಲಿಟ್ಟೆ. ಅವರು ಸ್ವಲ್ಪ ಹೊತ್ತು ಬೆರಳನ್ನು ಹಾಗೇ ಇಟ್ಟುಕೊಂಡಿದ್ದರು. "ಹಾಗಾದ್ರೆ ಪೆಟ್ರೋಲು ಹೊತ್ತಿಗೆ ಬದಲಾಗಲ್ಲ," ಎಂದರು. "ಒಪ್ಪಿದೆ." ಆಮೇಲೆ ಕಾರನ್ನು ಸುತ್ತಿ ಬಂದು, ನನ್ನ ಸೀಟಿನ ಬಾಗಿಲು ತೆರೆದು, ಒಳಗೆ ಕೂತರು. ಬೀಗದ ಕೈ ಸ್ಟೀರಿಂಗಿನ ಪಕ್ಕದಲ್ಲೇ ತೂಗಾಡುತ್ತಿತ್ತು.

ನಾನು ನಡೆಸಿದೆ. ಮನೆಯ ತಿರುವು ಬಂತು.

"ಇಲ್ಲಿ ತಿರುಗಿಸ್ಬೇಡಿ," ಎಂದರು. "ನೇರ ಹೋಗಿ. ಮುಂದಿನ ವೃತ್ತದ ಹತ್ರ ಕಣ್ಣಿನ ಆಸ್ಪತ್ರೆ ಇದೆ. ಶನಿವಾರ ಒಂದೂವರೆವರೆಗೂ ತೆರೆದಿರುತ್ತೆ."

"ನಿಮಗೆ ಹೇಗೆ ಗೊತ್ತು?"

"ಬೋರ್ಡು ಓದಿದ್ದೆ."

"ಯಾವಾಗ?"

"ಹೋದ ವರ್ಷ," ಎಂದರು ಮಾವ, ಕಿಟಕಿಯಾಚೆ ನೋಡುತ್ತಾ. "ಆಗ ಕಾಣ್ತಿತ್ತು."